ಶೆರಿಫನ ದನಿಯಲ್ಲಿ ಮಾತಾಡಿದ ರೋಗಿ

2022ರಲ್ಲಿ ನಾನು ನಾರ್ತ್ ಕ್ಯಾರೊಲೈನಾದ ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಸ್ಟ್ರೋಕ್ ಆದವರಿಗೆ ಮತ್ತೆ ಮಾತು ಬರಿಸುವ ಕೆಲಸ. ಮೈಸೂರಿನಲ್ಲಿ ಕಲಿತ ವಿದ್ಯೆ, ಇಪ್ಪತ್ತು ವರ್ಷಗಳ ಅನುಭವ. ಇನ್ನು ಯಾವ ರೋಗಿಯೂ ನನ್ನನ್ನು ಕಕ್ಕಾಬಿಕ್ಕಿ ಮಾಡಲಾರ ಎಂದುಕೊಂಡಿದ್ದೆ. ಆಗ ಬಂದವರು ಕೋಲಿನ್. ಹೆಸರು ಬದಲಿಸಿದ್ದೇನೆ.

ಅವರು ಬ್ರಿಟಿಷ್ ಟೆಲಿವಿಷನ್ ನಟ, ಚಿತ್ರಕಥೆಗಾರ. ತಾವೇ ಬರೆದ ಸೀರಿಯಲ್‌ನಲ್ಲಿ ಕ್ಯಾರೊಲೈನಾದ ಒಬ್ಬ ಶೆರಿಫ್, ಅಂದರೆ ಸ್ಥಳೀಯ ಪೊಲೀಸ್ ಮುಖ್ಯಸ್ಥನ ಪಾತ್ರ ಮಾಡುತ್ತಿದ್ದಾಗ ಸ್ಟ್ರೋಕ್ ಆಗಿತ್ತು. ಮತ್ತೆ ಕ್ಯಾಮೆರಾ ಮುಂದೆ ನಿಲ್ಲಬಲ್ಲರೇ ಎಂದು ನಾನು ವರದಿ ಕೊಡಬೇಕಿತ್ತು. ಇಲ್ಲ ಎಂದರೆ ಪಾತ್ರ ಬೇರೆಯವರ ಪಾಲು.

ಕೋಲಿನ್ ಅಪ್ಪಟ ಕ್ಯಾರೊಲೈನಾದವರ ಹಾಗೆ ಮಾತಾಡುತ್ತಿದ್ದರು. ಸ್ಟ್ರೋಕ್ ನಂತರ ಉಚ್ಚಾರಣೆ ಪರದೇಶದವರಂತೆ ಬದಲಾಗುವುದು ಅಪರೂಪಕ್ಕೆ ಉಂಟು. ಅದೇ ಇರಬಹುದೇ? ಅಥವಾ ನಟನೆಯೇ? ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರೆ, "ಮ್ಯಾಮ್, ಹಸಿದ ಹೊಟ್ಟೇಲಿ ಬಂದೂಕು ಹಿಡಿಯೋನನ್ನ ನಾನು ನಂಬಲ್ಲ" ಎನ್ನುತ್ತಿದ್ದರು, ಒಂದಿಷ್ಟೂ ತಡವರಿಸದೆ. ಏನು ತಿಂದರು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ನಾನು ನಕ್ಕು, ಆಮೇಲೆ ತಲೆ ಕೆರೆದುಕೊಳ್ಳುತ್ತಿದ್ದೆ.

ಶೂಟಿಂಗ್ ತಂಡದವರನ್ನು ವಿಚಾರಿಸಿದೆ. ಅಮೆರಿಕನ್ ಪಾತ್ರ ಮಾಡುವ ಕೆಲವು ಬ್ರಿಟಿಷರು, ಉಚ್ಚಾರಣೆ ಜಾರದಿರಲೆಂದು ಊಟಕ್ಕೆ ಕೂತಾಗಲೂ ಪಾತ್ರದ ದನಿಯಲ್ಲೇ ಇರುತ್ತಾರಂತೆ. ಸರಿ, ಆದರೆ ಆಸ್ಪತ್ರೆಯಲ್ಲಿ ಯಾಕೆ? ಗೊಂದಲ ಇನ್ನೂ ಹೆಚ್ಚಿತು.

ಸಂಜೆ ಮಾರಿಸ್‌ವಿಲ್‌ನ ಮನೆಗೆ ಹೋಗುವಾಗ ಇದನ್ನೇ ಗೊಣಗಿದೆ. ಕಾರು ಓಡಿಸುತ್ತಿದ್ದ ನನ್ನ ಗಂಡ ಸುರೇಶ್ ನಕ್ಕರು.

"ನೀನೂ ಪೇಷಂಟ್ಸ್ ಹತ್ರ ಅಮೆರಿಕನ್ ಆ್ಯಕ್ಸೆಂಟ್ ಹಾಕ್ತೀಯಲ್ಲೇ. ಕಾರ್ ಹತ್ತಿದ ತಕ್ಷಣ ಬಿಟ್‌ಬಿಡ್ತೀಯ. ಯಾಕೆ?"

"ಇಲ್ದಿದ್ರೆ ಇವಳಿಗೆ ಇಂಗ್ಲಿಷ್ ಬರಲ್ಲ ಅನ್ಕೋತಾರೆ ರೀ," ಎಂದೆ. ಹೇಳಿದ ಮೇಲೆ ಕೋಲಿನ್ ನೆನಪಾದರು.

ಮರುದಿನ ಆ ಉಚ್ಚಾರಣೆ ಬಿಟ್ಟು, ನಮ್ಮ ಮೈಸೂರಿನ ಇಂಗ್ಲಿಷ್‌ನಲ್ಲೇ ಕೋಲಿನ್‌ಗೆ ಹೇಳಿದೆ: "ಇದು ನನ್ನ ದನಿ. ನಿಮ್ಮದನ್ನೂ ಕೇಳುವ ಆಸೆ."

ಅವರು ಬ್ರಿಟಿಷ್ ಉಚ್ಚಾರಣೆಯಲ್ಲಿ, ಪದಕ್ಕಾಗಿ ತಡಕಾಡುತ್ತಾ, "ಮೊಟ್ಟೆ... ತಿಂದೆ" ಎಂದರು. ಕಣ್ಣು ತುಂಬಿತ್ತು. ಆಗ ಹೊಳೆಯಿತು: ಶೆರಿಫನ ಮಾತುಗಳು ಅವರೇ ಬರೆದು ಬಾಯಿಪಾಠ ಮಾಡಿದ್ದ ಡೈಲಾಗುಗಳು, ಅವು ಉಳಿದಿದ್ದವು. ಸ್ವಂತ ಮಾತು ಹೋಗಿತ್ತು. ಅದನ್ನು ಮುಚ್ಚಿಡಲು ಪಾಪ, ಶೆರಿಫನ ಹಿಂದೆ ನಿಂತಿದ್ದರು.

ಈಗಲೇ ನಟಿಸಲಾರರು ಎಂದು ವರದಿ ಕೊಟ್ಟೆ. ಪಾತ್ರ ಕೈತಪ್ಪಿತು. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ತಿಳಿಯದೆ ಸಂಕಟವಾಯಿತು.

ವರದಿ ಕೊಟ್ಟ ದಿನ ಮಧ್ಯಾಹ್ನ, ನನ್ನೆದುರೇ, ಇಂಗ್ಲೆಂಡಿನಲ್ಲಿದ್ದ ಹೆಂಡತಿಗೆ ಕೋಲಿನ್ ವಿಡಿಯೊ ಕಾಲ್ ಮಾಡಿದರು. ಆಕೆಯೊಂದಿಗೂ ಅಲ್ಲಿಯವರೆಗೆ ಶೆರಿಫನ ದನಿಯೇ. ಅವತ್ತು "ಹೆ... ಹೆಲೆನ್" ಎಂದು ಬಹಳ ಕಷ್ಟಪಟ್ಟು ಹೇಳಿದರು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು.

"ಅಬ್ಬಾ, ಇಷ್ಟು ದಿನ ಆ ಶೆರಿಫ್ ಮಾಡ್ತಿದ್ದ, ಇವತ್ತು ನೀನೇ ಫೋನ್ ಮಾಡಿದೆ."

ಅಂದಿನಿಂದ ಯಾವ ರೋಗಿ ಬಂದರೂ, ಇವರು ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ಮನೆಯವರನ್ನು ಮೊದಲು ಕೇಳುತ್ತೇನೆ. ಕೇಳುವುದು ನನ್ನ ಮೈಸೂರಿನ ಇಂಗ್ಲಿಷ್‌ನಲ್ಲೇ.