ಇಬ್ಬರು ಮಲಗುವ ಟೆಂಟು

ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂಬುದು ಮೊದಲಿಗೆ ನನ್ನ ಯೋಚನೆ. ಈಗ ಯಾರೂ ಹಾಗೆ ಹೇಳುವುದಿಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ನಾನು ಪಿರಿಯಾಪಟ್ಟಣದ ವರದಿಗಾರ. ಮೂರು ವರ್ಷದಿಂದ ಆ ಉದ್ಯಾನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಒಂದು ಫೈಲಿನಲ್ಲಿ ಇಟ್ಟಿದ್ದೆ. ಟೆಂಟು ಹಾಕಲು ಎಲ್ಲಿ ಬಿಡುತ್ತಾರೆ, ಅನುಮತಿಗೆ ಯಾರನ್ನು ಕೇಳಬೇಕು, ಎರೆಭೂತ ಎಂಬ ದೊಡ್ಡ ಹಕ್ಕಿ ಯಾವ ಹೊತ್ತಿಗೆ ಹುಲ್ಲಿನಿಂದ ಹೊರಗೆ ಬರುತ್ತದೆ, ಎಲ್ಲವೂ ಅದರಲ್ಲಿತ್ತು. ಜೊತೆಗೆ ಬರುವವನು ಒಬ್ಬನೇ: ಒಂದನೇ ತರಗತಿಯಿಂದ ನನ್ನ ಪಕ್ಕದಲ್ಲಿ ಕೂತ ಗೆಳೆಯ. ಅವನು ಹೊಗೆಸೊಪ್ಪಿನ ಬೆಳೆಗಾರ. ಅವನ ಒಣಸೊಪ್ಪಿನ ಕೊನೆಯ ಬೇಲು, ಅಂದರೆ ಕಟ್ಟು, ಹರಾಜಾದ ಮೇಲೆ ಹೊರಡುವುದೆಂದು ಮಾತಾಗಿತ್ತು. ಇಬ್ಬರು ಮಲಗುವ ಟೆಂಟನ್ನೂ ತರಿಸಿದ್ದ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕೆ.ಆರ್. ನಗರದ ಕಡೆಯ ಭತ್ತದ ಸೀಮೆಯವರು, ಗೆಳೆಯನ ಮಗಳಿಗೆ ವಿಜ್ಞಾನ ಹೇಳಿಕೊಡುವವರು. ಹಿಂದೊಮ್ಮೆ ಆ ಮರಳುಗಾಡಿಗೆ ಹೋಗಿ ಬಂದಿದ್ದರು.

"ಮೇಷ್ಟ್ರೂ ಬತ್ತಾರೆ ಕಣ್ಲಾ," ಎಂದ ಗೆಳೆಯ. "ಅವ್ರು ಕಣ್ಣಾರೆ ಕಂಡವ್ರೆ. ನಿಂದೆಲ್ಲ ಪೇಪರ್ ನೋಡ್ಕಂಡು ಏಳೋದು."

ಆಮೇಲಿನ ಭಾನುವಾರಗಳಲ್ಲಿ ಗೆಳೆಯನ ಜಗಲಿಯ ಮೇಲೆ ಯೋಜನೆ ನಡೆಯಿತು. ಮೇಷ್ಟ್ರು ನಕ್ಷೆ ಬರೆಯುತ್ತಿದ್ದರು, ಅವನು ತಲೆದೂಗುತ್ತಿದ್ದ. ಎರಡನೇ ಭಾನುವಾರ ನನ್ನ ಫೈಲಿನ ಮೇಲೆ ಬೋಂಡದ ತಟ್ಟೆ ಇತ್ತು. ಮೂರನೆಯ ಭಾನುವಾರ, ಯಾರು ಎಲ್ಲಿ ಮಲಗುವುದೆಂದು ತೀರ್ಮಾನವಾಯಿತು. ಮೇಷ್ಟ್ರ ಹತ್ತಿರ ಒಬ್ಬರಿಗಾಗುವ ಹಳೆಯ ಟೆಂಟು ಇತ್ತು.

"ಅದು ನಿಂಗೆ ಸಾಕು ಬುಡು. ಮೇಷ್ಟ್ರು ನನ್ ಜೊತೆ ಇರ್ಲಿ, ನಕ್ಷತ್ರ ತೋರಿಸ್ತಾರಂತೆ."

ಸರಿ ಎಂದೆ. ಮೇಷ್ಟ್ರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದರಿಂದ ಹೊಟ್ಟೆಯುರಿ ಇನ್ನಷ್ಟಾಯಿತು.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಸೊಪ್ಪು ಮುಗಿದ ಹೊಲದಲ್ಲಿ ದೊಡ್ಡ ಟೆಂಟನ್ನು ಹಾಕಿ ನೋಡಿದೆವು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಅದಕ್ಕೇ ಹಗ್ಗ ಕಟ್ಟಬೇಕು ಎಂದರು ಮೇಷ್ಟ್ರು. ಇದು ನನ್ನ ಫೈಲಿನಲ್ಲೂ ಇತ್ತು. ಗೆಳೆಯ ಒಂದೇ ಉದ್ದನೆಯ ಹಗ್ಗವನ್ನು ಚೀಲದಿಂದ ಚೀಲಕ್ಕೆ ಹಾಯಿಸಿ ಸರಸರನೆ ಗಂಟು ಹಾಕುತ್ತ ಬಂದ.

ಅವನ ಬೆರಳು ಅಭ್ಯಾಸಬಲದಿಂದ ಹಾಕಿದ್ದು ಸೊಪ್ಪಿನ ಗಂಟು. ಬ್ಯಾರನ್ ಎಂಬ ಬಿಸಿಮನೆಯಲ್ಲಿ ಬೇಯಿಸಿ ಒಣಗಿಸುವ ಮುಂಚೆ ಎಲೆಗಳನ್ನು ಕಡ್ಡಿಗೆ ಹೀಗೆ ಕಟ್ಟುತ್ತಾರೆ. ಒಣಗಿದ ಮೇಲೆ ದಾರದ ತುದಿ ಎಳೆದರೆ ಸಾಕು, ಇಡೀ ಕಡ್ಡಿ ಬಿಚ್ಚಿಕೊಳ್ಳುತ್ತದೆ. ನಾವಿಬ್ಬರೂ ಅಕ್ಷರ ಕಲಿತ ವರ್ಷವೇ ಈ ಗಂಟನ್ನೂ ಕಲಿತವರು. ಭತ್ತದ ಸೀಮೆಯ ಮೇಷ್ಟ್ರಿಗೆ ಗೊತ್ತಿರಲಿಲ್ಲ. "ಬಾಳ ಬಿಗಿಯಾಗಿದೆ ಕಣ್ರೀ," ಎಂದು ಹೊಗಳಿ, ಒಳಗೆ ಹೋಗಿ ಮಲಗಿ ನೋಡಿದರು.

ಹಗ್ಗದ ತುದಿ ಜೋತಾಡುವುದು ನನಗೆ ಕಾಣಿಸುತ್ತಿತ್ತು. ನಾನು ಹೇಳಲಿಲ್ಲ.

ಹೊಲದಲ್ಲಿ ಮೇಯುತ್ತಿದ್ದ ಮೇಕೆಯೊಂದು ಬಂದು ಆ ತುದಿಯನ್ನು ಕಚ್ಚಿ ಎಳೆಯಿತು. ಒಂದಾದ ಮೇಲೊಂದು ಗಂಟು ಬಿಚ್ಚಿಕೊಂಡು, ಕೋಲು ವಾಲಿ, ಟೆಂಟು ಮೇಷ್ಟ್ರ ಮೇಲೆ ಕುಸಿಯಿತು.

"ಗಾಳಿ ಬಂತೇನ್ರೀ?" ಎಂದು ಬಟ್ಟೆಯೊಳಗಿಂದ ಕೇಳಿದರು.

ಗೆಳೆಯ ಬಿದ್ದು ಬಿದ್ದು ನಕ್ಕ. ಆಮೇಲೆ ಹಗ್ಗ ನೋಡಿದ. "ಥೂ, ಸೊಪ್ಪಿನ ಗಂಟು ಆಕ್ಬುಟ್ಟಿವ್ನಿ." ಆಮೇಲೆ ನನ್ನನ್ನು ನೋಡಿದ.

"ನೀ ಪಕ್ಕದಲ್ಲೇ ನಿಂತಿದ್ದಲ್ಲ. ಕಾಣ್ನಿಲ್ವ?"

"ಕಂಡೆ."

"ಮತ್ಯಾಕ್ಲಾ ಏಳ್ನಿಲ್ಲ?"

ಉತ್ತರ ಗೊತ್ತಿತ್ತು. ಬಿದ್ದ ಕೋಲನ್ನು ಎತ್ತಿ ಪಕ್ಕಕ್ಕಿಟ್ಟೆ.

ಮೇಷ್ಟ್ರು ತಲೆಯ ಮೇಲಿನ ಮಣ್ಣು ಕೊಡವಿಕೊಳ್ಳುತ್ತ ಎದ್ದರು. "ಮೇಕೆ ಆಗಿದ್ದು ಪುಣ್ಯ. ಮರಳುಗಾಡಲ್ಲಾಗಿದ್ರೆ ಒಂಟೆ ಎಳೀತಿತ್ತು."

ಗೆಳೆಯ ಈ ಸಲ ನಗಲಿಲ್ಲ. "ದೊಡ್ಡ ಟೆಂಟಲ್ಲಿ ನೀವಿಬ್ರೂ ಮಲೀಕೊಳಿ. ಸಣ್ದು ನಂಗಿರ್ಲಿ," ಎಂದು ಮೇಕೆ ಅಟ್ಟಲು ಹೋದ.

"ಒಳ್ಳೇದೇ ಆಯ್ತು," ಎಂದರು ಮೇಷ್ಟ್ರು ನನಗೆ. "ನಿಮ್ ಫೈಲ್ ತನ್ನಿ ಸಾರ್. ಅದನ್ನ ಓದ್ಬೇಕು ಅಂತ ಅವತ್ತಿಂದ ಅನ್ಕೋತಿದ್ದೆ."

ನಾನು ಬಗ್ಗಿ ಹಗ್ಗ ಸುತ್ತತೊಡಗಿದೆ. ಇನ್ನೊಂದು ತುದಿ ಹಿಡಿಯಲು ಗೆಳೆಯ ಬರಲಿಲ್ಲ. ಮೇಷ್ಟ್ರು ಬಂದರು.