ಕುರಿಯ ಟಾನಿಕ್ ಅಪ್ಪ ಕುಡಿದದ್ದು

ನಾನು ಕಿತ್ತುಕೊಳ್ಳುವಷ್ಟರಲ್ಲಿ ಅಪ್ಪ ಗೊಟ್ಟದಲ್ಲಿದ್ದದ್ದನ್ನೆಲ್ಲ ನುಂಗಿ ಬಾಯಿ ಒರೆಸಿಕೊಂಡಿದ್ದ. ಗೊಟ್ಟ ಎಂದರೆ ಕುರಿ ಬಾಯಿಗೆ ಔಷಧಿ ಹುಯ್ಯುವ ಬಿದಿರಿನ ಕೊಳವೆ. ಒಳಗಿದ್ದದ್ದೂ ಕುರಿಯದೇ, ವಿಟಮಿನ್ ಟಾನಿಕ್.

"ಲೇ, ಒಂದ್ ಕುರಿಗೆ ಒಂದ್ ಗೊಟ್ಟ. ನಾನು ಎಲ್ಡ್ ಕುರಿ ತೂಕ ಇದೀನಿ. ಇನ್ನೊಂದ್ ಹುಯ್ಯಿ" ಎಂದ.

ಅಪ್ಪನಿಗೆ ಬಂದ ಜ್ವರ ಇನ್ನೂ ಬಿಟ್ಟಿರಲಿಲ್ಲ. ಕಣ್ಣು ಕೆಂಪಗಾಗಿತ್ತು, ಕೂತರೆ ಏಳಲಾಗುತ್ತಿರಲಿಲ್ಲ. ಆಗ ನಮ್ಮೂರು ಯಲ್ಲದಕೆರೆಯಲ್ಲಿ ಡೆಂಗಿ ಇತ್ತು. ಹಿಂದಿನ ಬೀದಿಯವರೊಬ್ಬರು ತಡ ಮಾಡಿ ಆಸ್ಪತ್ರೆಗೆ ಹೋಗಿದ್ದರಿಂದ ಉಳಿದಿರಲಿಲ್ಲ. ಆಸ್ಪತ್ರೆಗೆ ನಡಿ ಎಂದರೆ ಅಪ್ಪನದು ಒಂದೇ ಮಾತು.

"ಹೋದ್ ವರ್ಷ ಹಿರೇಬೇನೆ ಬಂದು ಊರಾಗಿನ ಕುರಿ ಎಷ್ಟ್ ಸತ್ವು? ನಮ್ಮವು ಒಂದೂ ಸಾಯ್ಲಿಲ್ಲ. ಯಾಕೆ? ಟಾನಿಕ್ ಹಾಕಿದ್ದೆ."

ಟಾನಿಕ್ ಹಾಕಿದ ದಿನವೇ ಪಶುವೈದ್ಯರು ಬಂದು ನಮ್ಮ ಕುರಿಗಳಿಗೆ ಲಸಿಕೆ ಚುಚ್ಚಿದ್ದರು. ಅಪ್ಪ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಚುಚ್ಚಿದ್ದು ಬೇರೆಯವರು, ಹುಯ್ದದ್ದು ತಾನು.

ಅವ್ವ ಬಂದು ನೋಡಿದಳು. "ಕುರಿ ಔಷ್ದಿ ಕುಡ್ದೀಯಲ್ಲ, ಕುರಿ ಹಂಗೇ ಎತ್ಹಾಕ್ಕೆಂಡು ಹೋಗ್ತೀವಿ."

ಹಾಗೇ ಮಾಡಿದೆವು. ಬೈಕಿನಲ್ಲಿ ನನಗೂ ಅವ್ವನಿಗೂ ನಡುವೆ ಅವನನ್ನು ಸಿಕ್ಕಿಸಿ ಹಿರಿಯೂರಿನ ಆಸ್ಪತ್ರೆಗೆ ಓಡಿಸಿದೆ.

ಡಾಕ್ಟರಮ್ಮ ರಕ್ತ ನೋಡಿ ಡೆಂಗಿ ಎಂದರು, ಡ್ರಿಪ್ ಹಾಕಿಸಿದರು. ಟಾನಿಕ್ ಕುಡಿದದ್ದನ್ನೂ ಕುರಿಗೆ ಲಸಿಕೆ ಚುಚ್ಚಿದ್ದನ್ನೂ ಅವ್ವ ಬಿಡದೆ ಹೇಳಿದಳು.

"ಯಜಮಾನ್ರೆ, ನಿಮ್ ಕುರಿ ಉಳ್ಸಿದ್ದು ಲಸಿಕೆ. ವಿಟಮಿನ್ನು ವೈರಸ್ಸನ್ನ ಕೊಲ್ಲಲ್ಲ. ಮೈಯಾಗೆ ಅದು ಕಮ್ಮಿ ಇದ್ರೆ ರೋಗದ ಜೊತೆ ಹೋರಾಡೋ ಶಕ್ತಿ ಕುಂದ್ತದೆ, ಅಷ್ಟೇ. ಅದಕ್ಕೆ ಸೊಪ್ಪು, ಕಾಳು, ಮೊಟ್ಟೆ ತಿನ್ರಿ. ಟಾನಿಕ್ ಸಿಕ್ಕಾಪಟ್ಟೆ ಕುಡಿದ್ರೆ ಲಿವರ್ ಕೆಡ್ತದೆ."

"ಹಂಗಾರೆ ನಂಗೂ ಲಸಿಕೆ ಚುಚ್ರಮ್ಮ."

"ನಮ್ಮಲ್ಲಿ ಡೆಂಗಿಗೆ ಲಸಿಕೆ ಇಲ್ಲ. ಇದ್ದಿದ್ರೂ ಜ್ವರ ಬಂದ್ಮೇಲೆ ಚುಚ್ಚಿ ಏನ್ ಮಾಡ್ತೀರಿ? ಸುಮ್ನೆ ಮಲ್ಕಳ್ರಿ."

"ಕುರಿಗೈತೆ, ಮನುಷ್ಯಂಗಿಲ್ಲ" ಎಂದು ಅಪ್ಪ ಗೋಡೆ ಕಡೆ ತಿರುಗಿದ.

ಪ್ಲೇಟ್‌ಲೆಟ್ ಇಳಿಯಿತು, ಆಮೇಲೆ ಏರಿತು. ಏರಿದ ಮೇಲೆ ಅವ್ವ ಅಪ್ಪನನ್ನು ಬೈದಳು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಅಪ್ಪ ಮನೆಗೆ ಬಂದ, ಮುದ್ದೆ ಉಂಡ. ನಾನು ಹೇಳಬೇಕಾದದ್ದು ಮುಗಿಯಿತು.