ಜಯಕುಮಾರನ ನಲವತ್ತು ಟ್ಯಾಬು

ಕನಕಪುರದಲ್ಲಿ ಯಾರ ಬ್ರೌಸರ್ ಪದೇ ಪದೇ ಕ್ರ್ಯಾಶ್ ಆದರೂ ಸೈಬರ್ ಸೆಂಟರಿನ ಜಯಕುಮಾರನೇ ಬರಬೇಕು. "ಈಪಾಟಿ ಟ್ಯಾಬ್ ತೆಗೆದಿಟ್ರೆ ಅದಾದ್ರೂ ಏನ್ ಮಾಡ್ತದೆ? ಮುಚ್ಚಿ ಸಾ" ಎಂದು ಹೈಸ್ಕೂಲು ಮೇಷ್ಟರನ್ನೂ ಗದರುತ್ತಾನೆ. ಅವನ ಸ್ವಂತ ಕಂಪ್ಯೂಟರೇ ದಿನಕ್ಕೆರಡು ಸಲ ಕೈಕೊಡುತ್ತದೆ. ಅದರ ತುಂಬ ಅರ್ಧ ತುಂಬಿದ ನಲವತ್ತು ಅರ್ಜಿಗಳು. ಯಾವುದೋ ಕಾಗದ ಮರೆತು ಬಂದು, "ಒಸಿ ತಡಿಯಪ್ಪಾ, ತಕ್ಕೊಂಡು ಬತ್ತೀನಿ" ಎಂದು ಊರಿಗೆ ಮರಳಿದವರವು. ಒಂದನ್ನೂ ಮುಚ್ಚುವುದಿಲ್ಲ. ಬ್ರೌಸರ್ ಬಿದ್ದಾಗಲೆಲ್ಲ ಅದಕ್ಕೆ ಬೈಯುತ್ತ, ಒಬ್ಬೊಬ್ಬರ ಮುಖ ನೆನೆದು, ಅಷ್ಟನ್ನೂ ಮತ್ತೆ ತುಂಬುತ್ತಾನೆ. ಮೊದಲು ತುಂಬುವುದು ಮರಳವಾಡಿಯ ಚಿಕ್ಕಲಕ್ಷ್ಮಮ್ಮನ ವಿಧವಾ ವೇತನದ ಅರ್ಜಿ. ಗಂಡ ತೀರಿಕೊಂಡ ತಾರೀಖು ಹೇಳಲು ಆಕೆಗೆ ಅರ್ಧ ಗಂಟೆ ಹಿಡಿದಿತ್ತು. ಇನ್ನೊಮ್ಮೆ ಕೇಳುವುದು ಅವನಿಂದಾಗದು.